ಗಂಟು ಹಾಕದ ದಾರ

ರೆಡಿಮೇಡ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಟೈಲರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಲೋಕದಲ್ಲಿ ಒಬ್ಬನ ಹೆಗಲು ಇನ್ನೊಬ್ಬನ ಹಾಗಿರುವುದಿಲ್ಲ, ಎಲ್ಲರನ್ನೂ ಮೂರು ಸೈಜಿಗೆ ತುರುಕುವುದು ಮನುಷ್ಯಜಾತಿಗೇ ಅವಮಾನ ಎಂದು ಅಳತೆ ಕೊಡಲು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದ. ಪಾಪ, ಅವರು ಕೈ ಎತ್ತಿಕೊಂಡು ನಿಂತಿರುತ್ತಿದ್ದರು, ಓಡುವ ಹಾಗಿರಲಿಲ್ಲ. ಇಂಥವನ ಒಬ್ಬಳೇ ಮಗಳು ಓದು ಮುಗಿಸಿ ಸೀದಾ ಹೋಗಿ ರೆಡಿಮೇಡ್ ಶರ್ಟಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆದಳು, ಅದರ ಹತ್ತಿರವೇ ರೂಮು ಮಾಡಿಕೊಂಡಳು. ಅಲ್ಲಿಂದಾಚೆಗೆ ಅಪ್ಪ ಮಗಳ ಮಾತುಕತೆ ಅಷ್ಟಕ್ಕಷ್ಟೆ. ಇಬ್ಬರ ನಡುವೆ ಉಳಿದಿದ್ದು ಭಾನುವಾರದ ಆಟವೊಂದೇ.

ಆಟ ಇಷ್ಟೇ. ಅಂಗಡಿಯ ಕಟಿಂಗ್ ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ವೀರರ ಪಾತ್ರ ಹಾಕುತ್ತಾರೆ, ಬರೀ ಬಾಯಲ್ಲಿ. ಮಗಳು ಬಿಲ್ಲುಗಾರ್ತಿ. ಟೈಲರ್‌ನ ಅಕ್ಕ ಮಂತ್ರವಾದಿನಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಯಾರಿಗೂ ಬೆಂಕಿ ಹಚ್ಚಲಾಗದ ಸಿಟ್ಟನ್ನೆಲ್ಲ ಇಲ್ಲಿ ತೀರಿಸಿಕೊಳ್ಳುತ್ತಾಳೆ. ಎಲೆಕ್ಟ್ರಿಷಿಯನ್ ಭಾವಮೈದ ಕೊಡಲಿ ಹಿಡಿದ ದೈತ್ಯ. ಕಥೆ ನಡೆಸುವವನೂ ವೈರಿಗಳೆಲ್ಲರ ಪರವಾಗಿ ಆಡುವವನೂ ಟೈಲರ್. ಯಾರ ಏಟು ಯಾರಿಗೆ ತಗುಲಿತೆಂದು ದಾಳ ಹೇಳುತ್ತದೆ.

ವೈರಿಗಳು ಇಬ್ಬರೋ ಮೂವರೋ ಇದ್ದಾಗ ಎಲ್ಲ ಚೆನ್ನಾಗಿತ್ತು. ಹಿಂದಿನ ವಾರ ಎಂಬತ್ತು ಕುಳ್ಳ ರಕ್ಕಸರು ಬಂದು ವೀರರ ಕೋಟೆಗೆ ಮುತ್ತಿಗೆ ಹಾಕಿದರು. ಟೈಲರ್ ಮಹಾಶಯ ರಕ್ಕಸನಿಗೊಂದರಂತೆ ಶರ್ಟಿನ ಎಂಬತ್ತು ಗುಂಡಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಬ್ಬೊಬ್ಬನಿಗೂ ಬೇರೆ ಬೇರೆ ದಾಳ ಉರುಳಿಸಿದ. ಒಬ್ಬನಿಗೆ ಎಡ ಹೆಗಲು ಇಳಿಜಾರು, ಇನ್ನೊಬ್ಬನಿಗೆ ಹೊಟ್ಟೆ ಮುಂದೆ, ಮತ್ತೊಬ್ಬನಿಗೆ ಹೊಸದಾಗಿ ಮದುವೆಯಾಗಿ ಯುದ್ಧದಲ್ಲಿ ಮನಸ್ಸೇ ಇಲ್ಲ. ಅಕ್ಕ ಗೊರಕೆ ಹೊಡೆದಳು. ಭಾವಮೈದ ಎದ್ದು ಅಂಗಡಿಯ ಫ್ಯಾನ್ ರಿಪೇರಿ ಮಾಡಿದ, ಪಕ್ಕದ ಮನೆಯ ಕರೆಗಂಟೆಯನ್ನೂ ರಿಪೇರಿ ಮಾಡಿ ಬಂದ, ಅವನ ಸರದಿ ಇನ್ನೂ ಬಂದಿರಲಿಲ್ಲ. ಕೊನೆಗೆ ಮಗಳು ಬ್ಯಾಗು ಎತ್ತಿಕೊಂಡಳು.

"ಅಪ್ಪ, ನಂಗೆ ವಾರಕ್ಕೆ ಸಿಗೋದು ಒಂದೇ ರಜ. ಮುಂದಿನ ಸಲಾನೂ ಹೀಗೇ ಆದ್ರೆ ನಾನು ಬರಲ್ಲ."

ಕೂಗಾಡಿದ್ದರೆ ವಾಸಿಯಿತ್ತು. ತಣ್ಣಗೆ ಹೇಳಿ ಹೋದಳು. ಆ ವಾರವೆಲ್ಲ ಅವನಿಗೆ ಹೆದರಿಕೆ. ಯಾರದೋ ಕೋಟಿಗೆ ಎಡಗೈ ತೋಳನ್ನು ಬಲಕ್ಕೆ ಹೊಲಿದು, ಬಿಚ್ಚಿ, ಮತ್ತೆ ಅಲ್ಲೇ ಹೊಲಿದ.

ಉಪಾಯ ಅವನಿಗೆ ಗೊತ್ತಿರಲಿಲ್ಲವೆಂದಲ್ಲ, ಒಪ್ಪಲು ಮನಸ್ಸಿರಲಿಲ್ಲ. ಫ್ಯಾಕ್ಟರಿಯಲ್ಲಿ ಕತ್ತರಿಸಿದ ಬಟ್ಟೆಯನ್ನು ಬಂಡಲ್ ಕಟ್ಟುತ್ತಾರೆ, ಇಡೀ ಬಂಡಲ್ ಒಂದೇ ಲೆಕ್ಕದಲ್ಲಿ ಮುಂದೆ ಹೋಗುತ್ತದೆ ಎಂದು ಮಗಳು ಹಿಂದೊಮ್ಮೆ ಹುರುಪಿನಿಂದ ಹೇಳಿದ್ದಳು. ಆಗ ಅವನು ಮೂಗು ಮುರಿದಿದ್ದ. ಈಗ ಬಾಯಿ ಮುಚ್ಚಿಕೊಂಡು ಎಂಟು ದಾರ ತೆಗೆದು, ಒಂದೊಂದಕ್ಕೂ ಹತ್ತು ರಕ್ಕಸರನ್ನು ಪೋಣಿಸಿದ. ಇಳಿಜಾರು ಹೆಗಲಿನವನನ್ನು ಪೋಣಿಸುವಾಗ ನಿಜಕ್ಕೂ ಸಂಕಟವಾಯಿತು.

ಭಾನುವಾರ ಎಲ್ಲರೂ ಬಂದರು. ಮಗಳು ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಳು. ಟೈಲರ್ ಕಿಟಕಿಯ ಕಡೆ ನೋಡುತ್ತ ಹೇಳಿದ: "ಇವತ್ತಿಂದ ರಕ್ಕಸರು ಬಂಡಲ್ ಲೆಕ್ಕ. ಹತ್ತು ಜನಕ್ಕೆ ಒಂದೇ ದಾಳ. ನಿಮ್ಮ ಫ್ಯಾಕ್ಟರೀಲಿ ಮಾಡ್ತಾರಲ್ಲ, ಹಾಗೆ."

ಮಗಳು ಬ್ಯಾಗನ್ನು ಕೆಳಗಿಟ್ಟಳು.

ಅಕ್ಕನ ಮೊದಲ ಬೆಂಕಿಗೇ ಮೂವರು ಸುಟ್ಟುಹೋದರು. ಟೈಲರ್ ಗತ್ತಿನಿಂದ ಆ ದಾರವನ್ನು ಮೇಲೆತ್ತಿ, ಮೂರು ಗುಂಡಿ ಬಿಟ್ಟು, ಕತ್ತರಿಯಿಂದ ಕತ್ತರಿಸಿದ. ಹತ್ತೂ ಗುಂಡಿಗಳು ಪಟಪಟನೆ ಉದುರಿ ಮೇಜಿನಿಂದ ನೆಲಕ್ಕೆ, ನೆಲದಿಂದ ಮೂಲೆಮೂಲೆಗೆ ದಿಕ್ಕಾಪಾಲಾದವು. ತಲೆ ಕೂದಲು ನೆರೆಯುವ ತನಕ ಹೊಲಿದವನು ಗುಂಡಿಗಳ ನಡುವೆ ಗಂಟು ಹಾಕುವುದನ್ನೇ ಮರೆತಿದ್ದ.

ಭಾವಮೈದ ತನ್ನ ಶರ್ಟಿನ ಗುಂಡಿಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ಮುಟ್ಟಿ ನೋಡಿಕೊಂಡ. "ಇದೂ ನೀವೇ ಹೊಲಿದಿದ್ದು ಅಲ್ವಾ ಭಾವ?" ಅಂದ.

ಟೈಲರ್ ಕಿವಿ ಕೆಂಪಾಯಿತು. ಏಳು ಜನ ಇನ್ನೂ ಬದುಕಿದ್ದಾರೆ, ಹುಡುಕಿ ವಾಪಸ್ ಪೋಣಿಸುತ್ತೇನೆ, ಒಂದು ನಿಮಿಷ ತಡೆಯಿರಿ ಎಂದು ಬಗ್ಗಿದ. ಅವನ ಒಂದು ನಿಮಿಷ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಮಗಳ ಕೈ ಬ್ಯಾಗಿನ ಕಡೆ ಹೋಗಿದ್ದನ್ನು ಅವನು ಮೇಜಿನಡಿಯಿಂದ ನೋಡಿದ. ಆದರೆ ಕೈ ಬ್ಯಾಗನ್ನು ಪಕ್ಕಕ್ಕೆ ಸರಿಸಿತು, ಅದರ ಹಿಂದೆ ಸೇರಿದ್ದ ಗುಂಡಿಯೊಂದನ್ನು ಹೆಕ್ಕಿಕೊಂಡಿತು.

"ಪೋಣಿಸಬೇಡ ಅಪ್ಪ. ಪಕ್ಕದಲ್ಲೇ ಮೂರು ಜನ ಸುಟ್ಟು ಹೋದ್ರೆ ಉಳಿದೋರು ನಿಂತು ಹೊಡೀತಾರಾ? ಓಡಿಹೋದ್ರು ಅಂತ ಇಟ್ಕೋ."

ಅದೇ ನಿಯಮವಾಯಿತು. ಮೂವರು ಬಿದ್ದರೆ ದಾರ ಕಟ್, ಉಳಿದವರು ಪರಾರಿ. ಅಕ್ಕ ಸುಟ್ಟಳು, ಭಾವಮೈದ ಕೊಚ್ಚಿದ, ಮಗಳು ಎದ್ದು ನಿಂತು ದಾಳ ಎಸೆದಳು. ಗುಂಡಿಗಳು ಪ್ರತಿ ಸಲ ಉದುರಿದಾಗಲೂ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಫ್ಯಾಕ್ಟರಿ ಸೇರಿದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಟೈಲರ್ ನೋಡಿರಲಿಲ್ಲ. ನಗಲು ತಾನು ಬಿಟ್ಟಿರಲಿಲ್ಲ ಎಂಬುದೂ ಹೊಳೆಯಿತು. ಲೋಟದಲ್ಲಿದ್ದ ಟೀ ಆರುವ ಮೊದಲೇ ಕೋಟೆ ಉಳಿಯಿತು.

ಆಮೇಲೆ ನಾಲ್ವರೂ ಮಂಡಿಯೂರಿ ಗುಂಡಿ ಹೆಕ್ಕಿದರು. ಎಷ್ಟು ಸಲ ಎಣಿಸಿದರೂ ಒಂದು ಕಮ್ಮಿ. ಹೋಗಲಿ ಬಿಡಿ ಎಂದಳು ಅಕ್ಕ, ಸೊಂಟ ಹಿಡಿದುಕೊಂಡು.

"ಬಿಡೋಕಾಗಲ್ಲ ಅತ್ತೆ," ಅಂದಳು ಮಗಳು. "ತಪ್ಪಿಸ್ಕೊಂಡೋನು ಇನ್ನೊಂದು ಗುಂಪು ಕಟ್ಕೊಂಡು ಬರ್ತಾನೆ. ಮುಂದಿನ ವಾರ ಬಂದು ಅವನನ್ನ ಹಿಡೀತೀನಿ." ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ತಿರುಗಿದಳು. "ಅಪ್ಪ, ಒಂದಿನ ಫ್ಯಾಕ್ಟರಿಗೆ ಬಾ. ಬಂಡಲ್ ಕಟ್ಟೋದು ಹೇಗೆ ಅಂತ ತೋರಿಸ್ತೀನಿ."

ಬರುತ್ತೇನೆ ಎಂದ ಟೈಲರ್. ಮಗಳನ್ನು ಬೀದಿಯ ತನಕ ಬಿಟ್ಟು ಬರಬಾರದೇನೋ ಎಂದು ಅಕ್ಕ ಗದರಿದರೂ ನಿಂತಲ್ಲಿಂದ ಕದಲಲಿಲ್ಲ. ಅವಳು ಬೀದಿಯ ತಿರುವು ದಾಟಿ ಮರೆಯಾದ ಮೇಲಷ್ಟೇ ಎಡಗಾಲನ್ನು ಎತ್ತಿ, ಪಾದಕ್ಕೆ ಅಚ್ಚೊತ್ತಿ ಅಂಟಿಕೊಂಡಿದ್ದ ಗುಂಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.