ಅತ್ತೆಯ ಗಿಡ, ನನ್ನ ಕೈಗುಣ

ಈಗಿನ ಸೊಸೆಯರು ಮದುವೆಯಾದ ವಾರಕ್ಕೇ ಬೇರೆ ಒಲೆ ಹೂಡ್ತಾರೆ. ಹೂಡಲಿ, ನನಗೇನು. ನಾನು ಮ್ಜಿಂಬ ಜಿಲ್ಲೆಯ ಈ ಗುಡ್ಡದೂರಿಗೆ ಬಂದಾಗ ಸೊಸೆಯಾದವಳು ಅತ್ತೆಯ ಅಡುಗೆಮನೆಯಲ್ಲೇ ಹೊಗೆ ಕುಡೀಬೇಕಿತ್ತು. ನನ್ನ ಅತ್ತೆ, ನ್ಯಾಹಾರ ಅಂತ ಹೆಸರು, ಅದಕ್ಕೆ ತಮ್ಮದೇ ಒಂದು ಕಾನೂನು ಸೇರಿಸಿದ್ದರು. ಬಿತ್ತನೆಯ ಅಲಸಂದೆಯನ್ನ ಕೊಯ್ಲಿನಿಂದ ಮುಂದಿನ ಮಳೆಯವರೆಗೆ ಹುಳ ಬೀಳದ ಹಾಗೆ ಕಾದಿಟ್ಟರೆ ಸ್ವಂತ ಒಲೆ. ಹುಳ ಬಿತ್ತೋ, ಸೊಸೆಯ ಕೈಗುಣ ಸರಿಯಿಲ್ಲ ಅಂತ ಅರ್ಥ, ಇನ್ನೊಂದು ವರ್ಷ ಅವರ ಒಲೆಯ ಮುಂದೆಯೇ.

ಹಿತ್ತಲಲ್ಲಿ ಅವರೇ ನೆಟ್ಟ ಕಾಳಿನ ಗಿಡವಿತ್ತು, ಅಂದರೆ ಕಾಳಿಗೆ ಹುಳ ಬೀಳದ ಹಾಗೆ ಕಾಯೋ ಎಲೆಯ ಗಿಡ. ಹಳೇ ಗಿಡ ನನ್ನ ಮದುವೆಯ ವರ್ಷ ಒಣಗಿದ್ದಕ್ಕೆ, ಯಾರಿಂದಲೋ ಬೀಜ ತಂದು ಹೊಸದನ್ನ ಎಬ್ಬಿಸಿದ್ದರು. ಅದರ ಎಲೆ ಕಿತ್ತು, ನೆರಳಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ಕಾಳಿಗೆ ಕಲಸಿ, ಗಡಿಗೆಯ ಬಾಯಿಯನ್ನ ಸಗಣಿಯಿಂದ ಮೆತ್ತಿದೆ. ಕುಟ್ಟುವಾಗ ಸೀನು ನಿಲ್ಲುತ್ತಿರಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ನನ್ನ ಸೀನು ಎಣಿಸಿ ನಗುತ್ತಿದ್ದರು.

ಮಳೆಗೆ ಮುಂಚೆ ಗಡಿಗೆ ತೆರೆದರೆ ಕಾಳೆಲ್ಲ ತೂತು, ತಳದಲ್ಲಿ ಬರೀ ಹಿಟ್ಟು. ಅತ್ತೆ ನನಗೆ ಅನ್ನೋ ಬದಲು ಬಾವಿಕಟ್ಟೆಯಲ್ಲಿ ಊರಿಗೆಲ್ಲ ಅಂದರು, ಸೊಸೆಯ ಕೈಗುಣ ಸರಿಯಿಲ್ಲ ಅಂತ. ತಮ್ಮ ತವರಿಂದ ಅಲಸಂದೆ ಬೀಜ ತರಿಸಿ ಬಿತ್ತಿದರು. ಎರಡನೇ ವರ್ಷವೂ ಅದೇ ಕಥೆ. ಹೆಂಗಸರು ತಮ್ಮ ಕಾಳಿನ ಬುಟ್ಟಿಯನ್ನ ನನ್ನ ಕೈಗೆ ತಾಗದ ಹಾಗೆ ಎತ್ತಿಟ್ಟುಕೊಳ್ಳೋಕೆ ಶುರುಮಾಡಿದರು. ನಾನು ಬಚ್ಚಲ ಹಿಂದೆ ನಿಂತು ಅಳುತ್ತಾ ನನ್ನ ಕೈಗಳನ್ನೇ ದಿಟ್ಟಿಸಿ ನೋಡಿದೆ.

ಮೂರನೇ ಕೊಯ್ಲಿಗೆ ಎಲೆ ಕೀಳುತ್ತಿದ್ದಾಗ ತಲೆಗೆ ಹೊಳೆಯಿತು. ನಾನು ಸರೋವರದ ದಂಡೆಯಲ್ಲಿ ಹುಟ್ಟಿದವಳು. ಅಲ್ಲಿ ಈ ಗಿಡದ ಹೆಸರೇ ಮೀನುಮದ್ದು. ನನ್ನಪ್ಪ ಇದರ ಎಲೆ ಜಜ್ಜಿ ನಿಂತ ನೀರಿಗೆ ಹಾಕಿದರೆ ಮೀನು ಅಮಲೇರಿ ತೇಲುತ್ತಿದ್ದವು. ಮೀನಿಗೆ ಅಮಲೇರಿಸೋ ವಿಷವೇ ತಾನೆ ಕಾಳಿನ ಹುಳವನ್ನೂ ಕೊಲ್ಲೋದು. ಹಾಳಾದ ಬುದ್ಧಿ, ಎರಡು ವರ್ಷ ಎಲ್ಲಿ ಮಲಗಿತ್ತೋ.

ತೊರೆಗೆ ಓಡಿದೆ. ಒಂದು ಗುಂಡಿಗೆ ಅತ್ತೆಯ ಗಿಡದ ಎಲೆ ಜಜ್ಜಿ ಹಾಕಿದೆ. ಮೀನುಗಳು ಆರಾಮಾಗಿ ಓಡಾಡಿಕೊಂಡಿದ್ದವು. ಆಚೆ ದಿಣ್ಣೆಯ ಬೇಲಿಯಲ್ಲೂ ಅಂಥದ್ದೇ ಗಿಡ ಇತ್ತು, ನೋಡೋಕೆ ಒಂಚೂರೂ ವ್ಯತ್ಯಾಸವಿಲ್ಲ. ಅದರ ಎಲೆಯನ್ನ ಇನ್ನೊಂದು ಗುಂಡಿಗೆ ಹಾಕಿ, ಅತ್ತೆಯನ್ನ ಕರೆದು ತಂದೆ. ಬೈಯುತ್ತಲೇ ಬಂದರು. ಬರುವಷ್ಟರಲ್ಲಿ ಅಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಯಾವ ಗುಂಡಿಗೆ ಯಾವ ಗಿಡದ ಎಲೆ ಹಾಕಿದ್ದೆ ಅಂತ ತೋರಿಸಿದೆ.

ಎರಡು ವರ್ಷದಿಂದ ನುಂಗಿಕೊಂಡಿದ್ದ ಮಾತೆಲ್ಲ ನಾಲಿಗೆ ತುದಿಯಲ್ಲಿತ್ತು. ಅತ್ತೆ ಒಂದು ಗುಂಡಿ ನೋಡಿದರು, ಇನ್ನೊಂದು ನೋಡಿದರು, ಎರಡೂ ಎಲೆ ಮೂಸಿದರು. ಮುಖ ಕಪ್ಪಿಟ್ಟಿತು. ಅವರಿಗೆ ಅಷ್ಟು ವಯಸ್ಸಾಗಿದೆ ಅಂತ ನನಗೆ ಅವತ್ತೇ ಕಂಡಿದ್ದು. ನಾನು ತೇಲುತ್ತಿದ್ದ ಮೀನು ಆರಿಸಿಕೊಳ್ಳೋಕೆ ಬಗ್ಗಿದೆ.

ಅವರು ಮನೆಗೆ ಹೋಗಿ ಗುದ್ದಲಿ ತಗೊಂಡು ಗಿಡವನ್ನ ಬುಡಸಮೇತ ಕಿತ್ತರು. ಅದನ್ನ ಬಾವಿಕಟ್ಟೆಗೆ ದರದರ ಎಳಕೊಂಡು ಹೋಗಿ ಎಲ್ಲರ ಮುಂದೆ ಹಾಕಿದರು.

"ಮೀನೂ ಹೆದರದ ಗಿಡ ಇದು. ನೆಟ್ಟವಳು ನಾನು. ನನ್ನ ಸೊಸೆ ಕೈ ಚೆನ್ನಾಗೇ ಇದೆ ಕಣ್ರೇ, ಬಾಯಿ ಕೆಟ್ಟಿದ್ದು ನನ್ನದು," ಅಂದರು.

ಆ ವರ್ಷದ ಮಳೆಗೆ ಅವರು ಕಾಯಲಿಲ್ಲ. ಅವತ್ತೇ ನನ್ನ ಗುಡಿಸಲಲ್ಲಿ ಮೂರು ಕಲ್ಲು ಹೂಡಿ ಬೆಂಕಿ ತಂದುಕೊಟ್ಟರು. ನಾನು ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಸಿಮ ತೊಳಸಿ, ಸೊಪ್ಪಿನ ಪಲ್ಯ ಮಾಡಿ, ಮೊದಲ ತಟ್ಟೆಯನ್ನ ಪದ್ಧತಿ ಪ್ರಕಾರ ಮಂಡಿಯೂರಿ ಅತ್ತೆಯತ್ತ ಚಾಚಿದೆ. ತಟ್ಟೆ ಯಾಕೋ ಇನ್ನೂ ನನ್ನ ಕೈಯಲ್ಲೇ ಇತ್ತು. ತಲೆಯೆತ್ತಿದರೆ, ಮಂಡಿನೋವಿನ ಆ ಮುದುಕಿ ಗೋಡೆ ಹಿಡಿದು ಮೆಲ್ಲಗೆ ಕೆಳಗಿಳಿಯುತ್ತಿದ್ದರು. ಅವರೂ ನನ್ನೆದುರು ಮಂಡಿಯೂರಿ, ಎರಡೂ ಕೈಯಲ್ಲಿ ತಟ್ಟೆ ತಗೊಂಡರು. ಅತ್ತೆಯಾದವಳು ಸೊಸೆಗೆ ಮಂಡಿಯೂರಿದ್ದನ್ನ ಈ ಊರಲ್ಲಿ ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.