ಹೀಬರೊಗಳ ಮನೆಯ ಊಟ

ಫೆರ್ನೇಯನ್ನು ಊಟಕ್ಕೆ ಕರೆದದ್ದೇ ತಪ್ಪಾಯಿತೇನೋ. ಅವನು ಬಂದಾಗಿನಿಂದ ನಾನು ಅಡುಗೆಮನೆ ಬಿಟ್ಟು ಹೊರಬಂದಿಲ್ಲ. ಒಂದು ಮಾತೂ ಆಡದೆ ಅವನನ್ನು ಕಳಿಸಿಬಿಟ್ಟರೆ, ಅವನು ಮತ್ತೆ ಹಯೂಯಾದ ಈ ಗುಡ್ಡ ಹತ್ತಿಯಾನೆ?

ಒಳಗಿಂದಲೇ ಕೇಳಿಸಿಕೊಂಡೆ. ಅಜ್ಜಿ ತೊಗರಿಕಾಳಿನ ಅನ್ನ ಬಡಿಸುತ್ತಿದ್ದಳು.

"ಹೊಟ್ಟೆ ತುಂಬ ತಿನ್ನಪ್ಪಾ, ಸಂಕೋಚ ಬೇಡ. ನಾವು ಅಪ್ಪಟ ಹೀಬರೊಗಳು! ನನ್ನ ಗಂಡ, ಅವನಪ್ಪ, ಅವನ ತಾತ, ಎಲ್ಲಾ ಹೀಬರೊಗಳೇ."

ಚಮಚದ ಸದ್ದು ನಿಂತಿತು. ನಮ್ಮ ಪೋರ್ಟೊರಿಕೊದಲ್ಲಿ ಹೀಬರೊ ಎಂದರೆ ಕಾಡುಗುಡ್ಡದ ಮನುಷ್ಯ, ಹೆಮ್ಮೆಯ ಮಾತು. ಆದರೆ ಫೆರ್ನೇ ಕೊಲಂಬಿಯಾದಿಂದ ಬಂದು ಇನ್ನೂ ತಿಂಗಳಾಗಿಲ್ಲ. ಅವನ ಊರಲ್ಲಿ ಹೀಬರೊ ಎಂದರೆ ಬೀದಿಮೂಲೆಯಲ್ಲಿ ಗಾಂಜಾ ಮಾರುವವನು. ಕಾಲೇಜಿನಲ್ಲಿ ಅವನೇ ಹೇಳಿದ್ದ.

"ಇದನ್ನ... ಹಿಂಗೆ ಎಲ್ಲರ ಎದುರಿಗೂ ಹೇಳ್ತೀರಾ ಅಜ್ಜಿ?"

"ಅಯ್ಯೋ, ಮುಚ್ಚಿಡೋದೇನಿದೆ? ನಮ್ಮ ಹಿತ್ತಲಲ್ಲೇ ಬೆಳೆಯೋದು. ಒಣಗಿಸಿ, ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರ್ತೀವಿ. ಒಂದ್ಸಲ ರುಚಿ ಹತ್ತಿದ್ರೆ ಯಾರೂ ಬಿಡಲ್ಲ. ನಮ್ಮ ಪಾದ್ರಿಗಂತೂ ಬೆಳಿಗ್ಗೆ ಎದ್ದ ತಕ್ಷಣ ಬೇಕು. ಸಿಗಲಿಲ್ವೋ, ಕೈ ನಡುಗುತ್ತೆ!"

"ಪೊ... ಪೊಲೀಸ್ನೋರು?"

"ಅವರಿಗೆ ಬಿಟ್ಟಿ ಕೊಡ್ತೀವಪ್ಪ. ಪಾಪ, ರಾತ್ರಿಯೆಲ್ಲಾ ಎದ್ದಿರ್ತಾರೆ. ನಮ್ಮ ಮೊಮ್ಮಗಳು ನೊಯೆಮೀನೂ ಕಮ್ಮಿಯಿಲ್ಲ, ಹುಟ್ಟಾ ಹೀಬರಾ!"

ಕುರ್ಚಿ ಕಿರ್ರೆಂದಿತು. "ನಾನು ಬರ್ತೀನಿ ಅಜ್ಜಿ, ಬಸ್ಸಿಗೆ ಹೊತ್ತಾಯ್ತು."

"ಭಾನುವಾರ ಯಾವ ಬಸ್ಸೋ ಮಾರಾಯಾ?"

ಅವನು ಆಗಲೇ ಬಾಗಿಲ ಹತ್ತಿರ ಹೋಗಿದ್ದ. ಕೈಲಿದ್ದ ಸೌಟಿನ ಸಮೇತ ಓಡಿದೆ.

"ಕಾಫಿ!" ಎಂದು ಕಿರುಚಿದೆ. "ಅದು ಕಾಫಿ ಪುಡಿ, ಫೆರ್ನೇ! ಇಲ್ಲಿ ಹೀಬರೊ ಅಂದ್ರೆ ಗುಡ್ಡದೋರು ಅಷ್ಟೇ!"

ಅಜ್ಜಿ ನಮ್ಮಿಬ್ಬರನ್ನೂ ನೋಡಿದಳು. "ಮತ್ತಿನ್ಯಾವ ಪುಡಿ ಅಂದ್ಕೊಂಡ್ಯೋ ನೀನು?"

ಫೆರ್ನೇಯ ಮುಖ ಕೆಂಪಾಯಿತು. ಮೆಲ್ಲಗೆ ಬಂದು ಕುರ್ಚಿಗೆ ಒರಗಿ ನಿಂತ. ಆಮೇಲೆ ಅವನ ಕಣ್ಣಲ್ಲಿ ತುಂಟತನ ಇಣುಕಿತು.

"ಸರಿ, ಗುಡ್ಡದೋರು ಎಲ್ಲರೂ ಹೀಬರೊಗಳೇ. ಮತ್ತೆ ನಿನ್ನೊಬ್ಬಳನ್ನೇ ಯಾಕೆ ಹುಟ್ಟಾ ಹೀಬರಾ ಅಂದ್ರು?"

"ಅದಕ್ಕೆ ಇನ್ನೊಂದು ಅರ್ಥ ಇದೆ," ಎಂದೆ. ಸೌಟಿನಿಂದ ಎಣ್ಣೆ ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. "ನಾಚಿಕೊಂಡು ಬಾಯಿ ಬಿಡದೋಳು ಅಂತ."

"ಎಲ್ಲರ ಹತ್ರಾನೂ ಹಿಂಗೇನಾ?"

ಅಜ್ಜಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಇಲ್ಲ. ಇಷ್ಟ ಆದೋರ ಹತ್ರ ಮಾತ್ರ."