ಸಣ್ಣಕ್ಕ ತೋರಿಸಿದ ರೀಲು

ಸಣ್ಣಕ್ಕ ನಕ್ಕರೆ ಆಚೆ ಹೊಲದವರು ಕುಡುಗೋಲು ನಿಲ್ಲಿಸಿ ತಿರುಗಿ ನೋಡುತ್ತಿದ್ದರು. ಹೆಂಗಸು ಹಲ್ಲು ಕಾಣದಂತೆ ನಗಬೇಕು, ಕೂಲಿಯವಳಂತೂ ನಗಲೇಬಾರದು ಅಂತ ಯಾವ ಪುಣ್ಯಾತ್ಮ ಬರೆದಿಟ್ಟಿದ್ದನೋ, ಸಣ್ಣಕ್ಕನಿಗೆ ಅದನ್ನು ಓದಿ ಹೇಳಿದವರು ಯಾರೂ ಇರಲಿಲ್ಲ. ಹೊಟ್ಟೆಯೊಳಗಿಂದ ಎದ್ದು ಬರುವ ನಗು ಅವಳದು. ಅದನ್ನು ಮನಸಾರೆ ನಕ್ಕು ಬರಲಿಕ್ಕೆ ಅವಳಿಗಿದ್ದ ಜಾಗ ಹೊಳೆನರಸೀಪುರದ ಟೆಂಟು ಒಂದೇ.

ಐವತ್ತೆಂಟನೇ ಇಸವಿಯ ಸುಗ್ಗಿ ಕಾಲ. ಮಳೆ ನಿಂತ ಮೇಲೆ ರುದ್ರಯ್ಯ ಎಂಬಾತ ಅರಕಲಗೂಡು ರಸ್ತೆಯ ಬಯಲಲ್ಲಿ ಟೂರಿಂಗ್ ಟಾಕೀಸು ಹೂಡಿದ್ದ. ಹೇಮಾವತಿಯ ಮರಳು ತಂದು ನೆಲಕ್ಕೆ ಹಾಸಿದ್ದ. ಹಿಂದುಗಡೆ ಕುರ್ಚಿ, ಅದರ ಮುಂದೆ ಬೆಂಚು, ಬೆಂಚಿನಿಂದ ಪರದೆಯವರೆಗೂ ಬರೀ ಮರಳು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ತಟ್ಟಿ. ಅಸಲು ಸಿನಿಮಾ ಶುರುವಾಗುವ ಮುಂಚೆ, ಜನ ಬಂದು ಕೂರುವ ತನಕ, ರುದ್ರಯ್ಯ ಹಳೇ ಕಾಲದ ಇಂಗ್ಲಿಷ್ ಕಾಮಿಡಿಯ ರೀಲು ಹಾಕುತ್ತಿದ್ದ. ಅದರಲ್ಲಿ ಮಾತೇ ಇಲ್ಲ. ಅಮೆರಿಕದವರು ಓಡುವುದು, ಬೀಳುವುದು, ಒಬ್ಬರ ಮುಖಕ್ಕೊಬ್ಬರು ಹಿಟ್ಟು ಎರಚುವುದು, ಅಷ್ಟೇ. ಸಣ್ಣಕ್ಕ ಹೋಗುತ್ತಿದ್ದುದೇ ಅದಕ್ಕೆ. ಆಮೇಲೆ ಬರುವ ರಾಜರಾಣಿಯರ ಗೋಳು ಯಾರಿಗೆ ಬೇಕು, ಮನೆಯಲ್ಲಿ ಇಲ್ಲವೇ ಅದು? ಅದು ಶುರುವಾದರೆ ಅವಳು ಮರಳಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದಳು.

ಇನ್ನೂ ಒಂದು ಮಾತಿದೆ. ಊರಲ್ಲಿ ಅವಳ ಕೇರಿಯವರು ಗೌಡರ ಜಗಲಿ ಹತ್ತುವಂತಿರಲಿಲ್ಲ. ಗೌಡರು ಬೀದಿಗೆ ಬಂದರೆ ಕೂತವರು ಏಳಬೇಕಿತ್ತು, ಮಾತು ಮಾತಿಗೂ ಬುದ್ದಿ, ಬುದ್ದಿ ಅನ್ನಬೇಕಿತ್ತು. ಟೆಂಟಿನಲ್ಲಿ ಟಿಕೆಟ್ಟು ಕೊಂಡು ಕೂತರೆ ಕೂತ ಹಾಗೇ. ಮುಂದಿನವರ ತಲೆ ಅಡ್ಡ ಬಂದರೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುವುದು ಅಲ್ಲಿನ ರೂಢಿ. ಸಣ್ಣಕ್ಕನ ಗುಡ್ಡೆ ಎಲ್ಲರದಕ್ಕಿಂತ ಎತ್ತರವಾಗಿರುತ್ತಿತ್ತು.

ಆ ತಿಂಗಳು ಬಂದಿದ್ದ ಕಾಮಿಡಿ ಅವಳಿಗೆ ಹುಚ್ಚು ಹಿಡಿಸಿಬಿಟ್ಟಿತ್ತು. ಒಬ್ಬ ದಪ್ಪ ಧಣಿ, ಅವನ ಬಂಗಲೆಗೆ ಸುಣ್ಣ ಹೊಡೆಯಲು ಬಂದ ಒಬ್ಬ ಒಣಕಲ ಆಳು. ಧಣಿ ಕೈ ಬೆನ್ನಿಗೆ ಕಟ್ಟಿ, ಹೊಟ್ಟೆ ಮುಂದೆ ಬಿಟ್ಟುಕೊಂಡು, ಅಲ್ಲಿ ಸರಿಯಿಲ್ಲ ಇಲ್ಲಿ ಸರಿಯಿಲ್ಲ ಅಂತ ತಪ್ಪು ಹುಡುಕುತ್ತಾ ತಿರುಗುತ್ತಾನೆ. ಆಳು ಏಣಿ ಹೊತ್ತು ತಿರುಗಿದರೆ ಧಣಿಯ ಬೆನ್ನಿಗೆ ಏಟು. ಕೊನೆಗೆ ಧಣಿ ಸುಣ್ಣದ ಪೀಪಾಯಿಯೊಳಗೆ ಬೀಳುತ್ತಾನೆ. ಎದ್ದವನು ಕಣ್ಣು ಒರೆಸಿಕೊಳ್ಳುವುದಿಲ್ಲ, ಮೂಗು ಒರೆಸಿಕೊಳ್ಳುವುದಿಲ್ಲ, ಮೊದಲು ಮೀಸೆ ತಿರುವುತ್ತಾನೆ. ಅದನ್ನು ನೋಡಿದಾಗಲೆಲ್ಲ ಸಣ್ಣಕ್ಕನಿಗೆ ಪಕ್ಕೆ ಹಿಡಿದುಕೊಳ್ಳುತ್ತಿತ್ತು.

ಅದನ್ನೇ ಅವಳು ರಾಗಿ ಕಣದಲ್ಲಿ ಹೆಂಗಸರಿಗೆ ಆಡಿ ತೋರಿಸಿದಳು. ಹೊಟ್ಟೆಗೆ ಹುಲ್ಲು ತುರುಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು ಎರಡು ಸುತ್ತು ನಡೆದಳು. ಕಣ ಕೆಂಪಣ್ಣಗೌಡರದು. ಅವರೋ, ಸದ್ದಿಲ್ಲದೆ ಬಂದು ಹಿಂದೆ ನಿಂತಿದ್ದರು, ಕೈ ಬೆನ್ನಿಗೆ ಕಟ್ಟಿ, ಹೊಟ್ಟೆ ಮುಂದೆ ಬಿಟ್ಟು. ಹೆಂಗಸರು ಇವಳನ್ನೊಮ್ಮೆ ಅವರನ್ನೊಮ್ಮೆ ನೋಡಿ ಸೆರಗು ಬಾಯಿಗೆ ತುರುಕಿಕೊಂಡರು.

"ಯಾರ್ನೇ ಆಡ್ಕೊಂತಿರೋದು, ಸಣ್ಣಿ?" ಅಂದರು ಗೌಡರು.

ಟೆಂಟಿನಲ್ಲಿ ಬರುವ ಇಂಗ್ಲಿಷಿನ ಧಣಿ ಬುದ್ದಿ, ನೀವಲ್ಲ, ಅಂದಳು ಸಣ್ಣಕ್ಕ. ಅದು ಸತ್ಯವೇ. ಆದರೆ ಗೌಡರು ಜನ್ಮದಲ್ಲಿ ಆ ಕಾಮಿಡಿ ನೋಡಿದವರಲ್ಲ, ನಂಬುವುದು ಹೇಗೆ? ಬರುವ ಶನಿವಾರ ತಾವೇ ಬಂದು ನೋಡುವುದಾಗಿಯೂ, ಅಂಥವನು ಅಲ್ಲಿ ಇಲ್ಲದೆ ಹೋದರೆ ಅವಳು ಟೆಂಟಿನವರೆಲ್ಲರ ಎದುರಿಗೆ ತಮ್ಮ ಕಾಲಿಗೆ ಬೀಳಬೇಕೆಂದೂ, ಆಮೇಲೆ ಟೆಂಟಿನ ಕಡೆ ತಲೆ ಹಾಕಬಾರದೆಂದೂ ಹೇಳಿದರು.

"ಇದ್ರೆ?" ಅಂದಳು ಸಣ್ಣಕ್ಕ.

ಗೌಡರನ್ನು ತಿರುಗಿ ಪ್ರಶ್ನೆ ಕೇಳಿದವರು ಆ ಊರಲ್ಲಿ ಅದುವರೆಗೆ ಇರಲಿಲ್ಲ. ಅವರು ಮೀಸೆ ತಿರುವಿಕೊಂಡು ಹೊರಟುಹೋದರು.

ಸಂಜೆ ಗಂಡ ಲಕ್ಕಯ್ಯ ತಲೆಯ ಮೇಲೆ ಕೈ ಹೊತ್ತು ಕೂತ. ಗೌಡರ ಕಣ ಬಿಟ್ಟರೆ ಗತಿಯೇನು, ಈಗಲೇ ಹೋಗಿ ಕಾಲಿಗೆ ಬಿದ್ದು ಬಾ, ಬಿದ್ದರೆ ಸವೆದು ಹೋಗುತ್ತೀಯಾ ಅಂತ ಅಂಗಲಾಚಿದ. ನಗದೇ ಇದ್ದರೆ ಸಾಯುತ್ತೀಯಾ ಅಂತಲೂ ಕೇಳಿದ.

"ಸಾಯಕಿಲ್ಲ ಕಣಯ್ಯ. ವಾರವೆಲ್ಲ ಬಗ್ಗಿ ಬಗ್ಗಿ ನಾನು ಮನ್ಸಳು ಅನ್ನೋದೇ ಮರ್ತೋಗಿರ್ತದೆ. ಅಲ್ಲೋಗಿ ನಕ್ಕಾಗ್ಲೇ ಗ್ಯಾಪಕ ಬರೋದು. ಅದ ಬುಟ್ಟುಕೊಡಾಕಿಲ್ಲ ನಾನು."

ಲಕ್ಕಯ್ಯ ಎದ್ದು ಕಂಬಳಿ ಕೊಡವಿ ಹಾಸಿದ.

ಶನಿವಾರ ಮೊದಲನೇ ಆಟಕ್ಕೆ ಟೆಂಟು ಕಿಕ್ಕಿರಿದಿತ್ತು. ಸುದ್ದಿ ಚನ್ನರಾಯಪಟ್ಟಣದ ಸಂತೆಯವರೆಗೂ ಹೋಗಿತ್ತು. ಕೆಂಪಣ್ಣಗೌಡರು ಹಿಂದಿನ ಕುರ್ಚಿಯಲ್ಲಿ ಕೂತರು. ಅವರ ತಾಯಿ ಪುಟ್ಟತಾಯಮ್ಮ ಗಾಡಿ ಕಟ್ಟಿಸಿಕೊಂಡು ಜೊತೆಗೇ ಬಂದು ಹೆಂಗಸರ ಬೆಂಚು ಹಿಡಿದಿದ್ದರು. ಗಂಟೆ ಹೊಡೆಯಿತು, ದೀಪ ಆರಿತು. ಪರದೆಯ ಮೇಲೆ ಬಂದದ್ದು ಸುಣ್ಣದವನಲ್ಲ, ರಾಜ. ಕಾಮಿಡಿಯನ್ನು ಹಾಕದೆ ರುದ್ರಯ್ಯ ನೇರವಾಗಿ ಸಿನಿಮಾ ಬಿಟ್ಟುಬಿಟ್ಟಿದ್ದ. ರಾಜ ಅಳತೊಡಗಿದ. ಸಣ್ಣಕ್ಕ ಹೆದರಿ ರುದ್ರಯ್ಯನ ಕಡೆ ತಿರುಗಿ ನೋಡಿದಳು.

ರುದ್ರಯ್ಯನ ಹತ್ತಿರ ಇದ್ದದ್ದು ಒಂದೇ ಮಿಷನ್ನು. ರೀಲು ಮುಗಿದಾಗಲೆಲ್ಲ ದೀಪ ಹಾಕಿ ಇನ್ನೊಂದು ಏರಿಸಬೇಕು. ಮೊದಲ ರೀಲು ಮುಗಿದು ದೀಪ ಹತ್ತಿದ್ದೇ ತಡ, ಗೌಡರು ಎದ್ದು ನಿಂತು ಎಲ್ಲವನಯ್ಯ ಆ ನಿನ್ನ ಇಂಗ್ಲಿಷ್ ಧಣಿ ಅಂತ ಕೇಳಿದರು. ಆ ರೀಲು ಕಿತ್ತುಹೋಗಿದೆ ಅಂದ ರುದ್ರಯ್ಯ. ಹೇಳುವಾಗ ನೆಲ ನೋಡುತ್ತಿದ್ದ. ಟೆಂಟು ಹೂಡಿದ್ದ ಬಯಲು ಗೌಡರದು ಎಂಬುದು ಸಣ್ಣಕ್ಕನಿಗೆ ಆಗ ನೆನಪಾಯಿತು. ಥೂ, ಇವರ ಗಂಡಸುತನಕ್ಕಿಷ್ಟು! ಅವಳಿಗೆ ಹೆದರಿಕೆಯೆಲ್ಲ ಇಳಿದು ಮೈ ಉರಿಯಿತು.

"ಬಾ. ಕಾಲಿಗೆ ಬಿದ್ದು ಓಗು," ಅಂದರು ಗೌಡರು.

ಸಣ್ಣಕ್ಕ ಎದ್ದಳು. ಜನ ದಾರಿ ಬಿಟ್ಟರು. ಅವಳು ಹಿಂದಕ್ಕೆ ಹೋಗಲಿಲ್ಲ. ಮುಂದಕ್ಕೆ, ಪರದೆಯ ಬುಡಕ್ಕೆ ಹೋಗಿ ಜನರ ಕಡೆ ತಿರುಗಿ ನಿಂತಳು.

"ರೀಲು ಕಿತ್ತೋಗ್ಯದಂತೆ. ನಂಗೆ ಬಾಯ್ಪಾಟ ಆಗ್ಯದೆ, ನಾನೇ ತೋರುಸ್ತೀನಿ. ನೋಡಿರೋರು, ನಾನು ತಪ್ಪಿದ್ರೆ ಕೂಗಿ."

ಸೀರೆಯನ್ನು ಎತ್ತಿ ಕಟ್ಟಿ, ಇಲ್ಲದ ಏಣಿಯನ್ನು ಹೆಗಲಿಗೇರಿಸಿದಳು. ಮೊದಮೊದಲು ಜನ ಗೌಡರ ಕಡೆಗೇ ನೋಡುತ್ತಿದ್ದರು. ಧಣಿಯ ಸರದಿ ಬಂದಾಗ ಹೊಟ್ಟೆಗೆ ತುರುಕಿಕೊಳ್ಳಲು ಏನೂ ಸಿಗದೆ ಅತ್ತಿತ್ತ ನೋಡಿದಳು. ತಟ್ಟಿಯ ಆ ಕಡೆಯಿಂದ ಒಂದು ಕಂಬಳಿ ಹಾರಿ ಬಂತು. ಲಕ್ಕಯ್ಯನದು. ಅದನ್ನು ಸುತ್ತಿ ಸೀರೆಯೊಳಗೆ ಇಟ್ಟುಕೊಂಡು, ಕೈ ಹಿಂದೆ ಕಟ್ಟಿ ನಡೆದಾಗ ಮರಳಿನಲ್ಲಿ ಕೂತ ಯಾರೋ, ಏಣಿ ತಿರುಗಬೇಕು ಈಗ ಅಂದರು. ಏಣಿ ತಿರುಗಿತು. ಇನ್ನೊಬ್ಬರು, ಈಗ ಟೋಪಿ ಬೀಳ್ತದೆ ಅಂದರು. ಟೋಪಿ ಬಿತ್ತು. ಆಮೇಲೆ ಯಾರು ಅಂತ ಹೇಳುವಂತಿಲ್ಲ, ಮರಳಿಗೆ ಮರಳೇ ಬಾಯಿ ಬಿಟ್ಟಿತು. ವಾರಗಟ್ಟಲೆ ನೋಡಿದವರು, ಮುಂದೇನು ಅಂತ ಅವಳಿಗಿಂತ ಮೊದಲೇ ಕೂಗಿದರು. ಹಾಸನದಿಂದ ಬಂದು ಬೆಂಚಿನಲ್ಲಿ ಕೂತಿದ್ದ ಮೇಷ್ಟರೂ ಸೇರಿಕೊಂಡರು. ಅಂಥ ಧಣಿ ಇದ್ದಾನೋ ಇಲ್ಲವೋ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಪೀಪಾಯಿಗೆ ಬಿದ್ದಳು. ಮರಳಿನಲ್ಲಿ ಒದ್ದಾಡಿ, ಮೈಯೆಲ್ಲ ಮರಳಾಗಿ ಎದ್ದು ನಿಂತಳು. ಈಗ ಮೀಸೆ. ಎಲ್ಲರೂ ಅದಕ್ಕೇ ಕಾದಿದ್ದರು. ಸಣ್ಣಕ್ಕ ಕೈ ಎತ್ತಲಿಲ್ಲ. ಸುಮ್ಮನೆ ನಿಂತು, ಟೆಂಟಿನ ಹಿಂಭಾಗಕ್ಕೆ ನೋಡಿದಳು. ಅವಳು ಏನು ನೋಡುತ್ತಿದ್ದಾಳೆ ಅಂತ ಜನವೂ ತಿರುಗಿತು.

ಕೆಂಪಣ್ಣಗೌಡರು ಕುರ್ಚಿಯ ಮುಂದೆ ನಿಂತಿದ್ದರು, ಮುಖ ಕೆಂಪಾಗಿತ್ತು. ಕೋಪ ಬಂದಾಗ ಅವರ ಕೈ ತಾನಾಗಿಯೇ ಹೋಗುವ ಜಾಗ ಒಂದೇ. ಆಗಲೂ ಅಲ್ಲಿಗೇ ಹೋಗಿತ್ತು. ಮೊದಲು ಎಡಗಡೆಯದನ್ನು ತಿರುವಿದರು, ಆಮೇಲೆ ಬಲಗಡೆಯದನ್ನು.

ಮೊದಲ ನಗು ಬಂದದ್ದು ಹೆಂಗಸರ ಬೆಂಚಿನಿಂದ. ಪುಟ್ಟತಾಯಮ್ಮ, ಆ ಮೀಸೆಯನ್ನು ಹೆತ್ತ ತಾಯಿ, ತಡೆಯಲಾರದೆ ಬಿದ್ದು ಬಿದ್ದು ನಕ್ಕರು. ಆಮೇಲೆ ಕೇಳಬೇಕೇ, ಟೆಂಟಿಗೆ ಟೆಂಟೇ ನಕ್ಕಿತು. ಹೆದರಿ ನಗುವ ನಗುವಲ್ಲ ಅದು. ಬಾಯಿಗೆ ಸೆರಗು ಇಟ್ಟುಕೊಂಡವರು ಒಬ್ಬರೂ ಇರಲಿಲ್ಲ.

ನಗು ತಗ್ಗಿದಾಗ ಸಣ್ಣಕ್ಕ ಮರಳು ಕೊಡವಿಕೊಂಡಳು.

"ಗೌಡ್ರೇ, ಅವ್ನು ಇದ್ರೆ ಏನು ಅಂತ ಅವತ್ತು ಕೇಳ್ದೆ. ನೀವು ಜವಾಬೇ ಕೊಡ್ನಿಲ್ಲ."

ಗೌಡ್ರೇ ಅಂದಿದ್ದಳು, ಬುದ್ದಿ ಅನ್ನಲಿಲ್ಲ. ಅದು ಎಲ್ಲರಿಗೂ ಕೇಳಿಸಿತು, ಅವರಿಗೂ ಕೇಳಿಸಿತು. ಅವರು ಟೆಂಟಿನ ಬಟ್ಟೆ ಸರಿಸಿ ಹೊರಗೆ ನಡೆದರು. ರೀಲು ಹಾಕು ಅಂತ ಮರಳಿನವರು ಕೂಗತೊಡಗಿದರು. ರುದ್ರಯ್ಯ ಬಯಲ ಧಣಿ ಹೋದ ಕಡೆಗೊಮ್ಮೆ, ಟಿಕೆಟ್ಟು ಕೊಂಡವರ ಕಡೆಗೊಮ್ಮೆ ನೋಡಿದ. ಕಿತ್ತುಹೋಗಿದ್ದ ರೀಲು ಅದು ಹೇಗೋ ಚೆನ್ನಾಗಿಯೇ ಸಿಕ್ಕಿತು.

ಸೋಮವಾರದಿಂದ ಕಣದ ಕೆಲಸವಿಲ್ಲ ಅಂತ ಸಣ್ಣಕ್ಕನಿಗೆ ಗೊತ್ತಿತ್ತು. ರಸ್ತೆಗೆ ಜಲ್ಲಿ ಒಡೆಯಲು ಆಳು ಬೇಕಂತೆ, ಅಲ್ಲಿಗೆ ಹೋದರಾಯಿತು ಅಂದುಕೊಂಡು ತನ್ನ ಜಾಗಕ್ಕೆ ಬಂದು, ಕುಸಿದಿದ್ದ ಮರಳನ್ನು ಮತ್ತೆ ಗುಡ್ಡೆ ಮಾಡಿ, ಮೇಲಿಷ್ಟು ಎಳೆದು ಹಾಕಿ, ಹತ್ತಿ ಕೂತಳು. ದೀಪ ಆರಿತು.

ಗೌಡರು ಮನೆಗೆ ಹೋಗುವಂತಿರಲಿಲ್ಲ. ತಾಯಿ ಒಳಗಿದ್ದರು, ಆಟ ಮುಗಿಯದೆ ಏಳುವುದಿಲ್ಲ ಅಂತ ಹೇಳಿ ಕಳಿಸಿದ್ದರು. ಮಗ ಹೊರಗೆ ಗಾಡಿಯ ಮೂಕಿಮರ ಹಿಡಿದು ನಿಂತೇ ಇದ್ದರು. ಒಳಗೆ ಧಣಿ ಪೀಪಾಯಿಯಿಂದ ಎದ್ದಿರಬೇಕು, ಸಣ್ಣಕ್ಕ ನಕ್ಕದ್ದು ಅವರಿಗೆ ಚೆನ್ನಾಗಿ ಕೇಳಿಸಿತು.